ಮೊಬೈಲ್ ಸಂದೇಶಗಳಲ್ಲಿ ಕನ್ನಡ ಅಕ್ಷರಗಳು ಕೆಡುವ ವಿಷಯ

ಬೇಸಾಯದಲ್ಲಿ ಹೊತ್ತಿಗೆ ಇರುವ ಬೆಲೆ ಎಷ್ಟೆಂಬುದನ್ನು ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ನಾವು ಹೇಳಬೇಕಾದ ಅಗತ್ಯವಿಲ್ಲ. ಹದ ತಪ್ಪಿ ಬಿತ್ತಿದ ಬೀಜವೂ, ರೋಗವು ಹೊಲವೆಲ್ಲ ವ್ಯಾಪಿಸಿದ ಮೇಲೆ ಹೊಡೆದ ಔಷಧವೂ, ಮಳೆ ಬಂದು ಕಣವು ನೆನೆದ ಮೇಲೆ ಕೇಳಿದ ಎಚ್ಚರಿಕೆಯೂ ಒಂದೇ ತೆರನಾದುವು. ಪೂರ್ವದಲ್ಲಿ ಸರ್ಕಾರದ ತಿಳಿವಳಿಕೆಯು ಕಸಬೆಯಿಂದ ಹಳ್ಳಿಗೆ ಬರಲು ದಿನಗಳು ಹಿಡಿಯುತ್ತಿದ್ದುವು. ಅದು ಬಂದ ಮೇಲೆ ಚಾವಡಿಯಲ್ಲಿ ಶಾನುಭೋಗರು ಓದಿ ಹೇಳಬೇಕು. ತಳವಾರನು ತಮಟೆ ಬಾರಿಸಿ ಸಾರಬೇಕು. ಈಗಲಾದರೋ ಭಾರತ ಹವಾಮಾನ ಇಲಾಖೆಯ ಗ್ರಾಮೀಣ ಕೃಷಿ ಹವಾಮಾನ ಸೇವೆಯವರು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೇಸಾಯಗಾರರಿಗೆ ಸಲಹೆಗಳನ್ನು ಹೊರಡಿಸುತ್ತಾರೆ. 2013ನೆಯ ಇಸವಿ ಜುಲೈ 16ರಂದು ಕೇಂದ್ರ ಸರ್ಕಾರವು ಎಂ-ಕಿಸಾನ್ ಎಂಬ ಏರ್ಪಾಟನ್ನು ಆರಂಭಿಸಿ, ಇಲಾಖೆಯ ಮಾತು ರೈತನ ಮೊಬೈಲಿಗೇ ನೇರವಾಗಿ ಮುಟ್ಟುವಂತೆ ದಾರಿ ಮಾಡಿತು. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಹೀಗೆ ಕ್ಷಣಮಾತ್ರದಲ್ಲಿ ಬಂದಿಳಿದ ಸಂದೇಶವನ್ನು ತೆರೆದು ನೋಡಿದಾಗ ಅದರಲ್ಲಿ ಕನ್ನಡಕ್ಕೆ ಬದಲಾಗಿ ಚೌಕಗಳ ಸಾಲೋ, ಪ್ರಶ್ನಾರ್ಥಕ ಚಿಹ್ನೆಗಳ ಸರವೋ, ಯಾವ ದೇಶದ್ದೆಂದು ತಿಳಿಯದ ಅಕ್ಷರಗಳ ರಾಶಿಯೋ ಕಂಡುಬರುವುದುಂಟು. ಕಂಡವರು "ಫೋನು ಕೆಟ್ಟಿದೆ" ಎಂದುಕೊಂಡು ಅದನ್ನು ಅಳಿಸಿಬಿಡುತ್ತಾರೆ. ಕಳುಹಿಸಿದವರ ಲೆಕ್ಕದಲ್ಲಿ ಮಾತ್ರ ಅದು "ತಲುಪಿದ ಸಂದೇಶ"ವೆಂದೇ ದಾಖಲಾಗಿರುತ್ತದೆ. ಓದಲಾಗದ ಸಂದೇಶವು ಕಳುಹಿಸದ ಸಂದೇಶಕ್ಕೆ ಸಮಾನವೆಂದೂ, ಈ ಕೇಡನ್ನು ಸರಿಪಡಿಸತಕ್ಕ ಮೊದಲ ಹೊಣೆಯು ಓದುವವರದಲ್ಲ, ಕಳುಹಿಸುವವರದೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುತ್ತೇವೆ.

ಬೆಳೆಗೆ ತಗಲಿದ ರೋಗ ಯಾವುದೆಂದು ತಿಳಿಯದೆ ಔಷಧ ಹಾಕುವುದು ಹೇಗೆ ಅವಿವೇಕವೋ, ಅಕ್ಷರಕ್ಕೆ ತಗಲಿದ ರೋಗವನ್ನು ಗುರುತಿಸದೆ ಮದ್ದು ಹುಡುಕುವುದೂ ಹಾಗೆಯೇ. ಈ ರೋಗಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಚೌಕಗಳು. ಅಕ್ಷರವೊಂದಕ್ಕೆ ಒಂದರಂತೆ ಬರಿಯ ಚೌಕಗಳು ಕಂಡರೆ ಸಂದೇಶವು ಕೆಡದೆ ಬಂದಿದೆ, ಆದರೆ ಆ ಫೋನಿನಲ್ಲಿ ಕನ್ನಡದ ಅಚ್ಚುಗಳಿಲ್ಲ ಎಂದು ಅರ್ಥ. ಮುದ್ರಣಾಲಯಕ್ಕೆ ಹಸ್ತಪ್ರತಿ ಸರಿಯಾಗಿ ಬಂದಿದ್ದರೂ ಅಚ್ಚಿನ ಮೊಳೆಗಳಿಲ್ಲದೆ ಜಾಗವನ್ನು ಖಾಲಿ ಬಿಟ್ಟಂತೆ ಇದು. ಅದೇ ಸಂದೇಶವನ್ನು ಕನ್ನಡವುಳ್ಳ ಮತ್ತೊಂದು ಫೋನಿಗೆ ರವಾನಿಸಿದರೆ ಅಲ್ಲಿ ಚೆನ್ನಾಗಿ ಓದಬಹುದು.

ಎರಡನೆಯದು ಪ್ರಶ್ನಾರ್ಥಕ ಚಿಹ್ನೆಗಳು. ಇದು ಎಲ್ಲಕ್ಕಿಂತ ಕೆಟ್ಟದ್ದು. ಕಳುಹಿಸುವ ಮಾರ್ಗದಲ್ಲಿ ಯಾವುದೋ ಒಂದು ಯಂತ್ರವು ಕನ್ನಡವನ್ನು ಅರಿಯದೆ, ತನಗೆ ತಿಳಿಯದ ಪ್ರತಿ ಅಕ್ಷರದ ಸ್ಥಾನದಲ್ಲಿಯೂ ಈ ಗುರುತನ್ನಿಟ್ಟು ಮುಂದಕ್ಕೆ ಕಳುಹಿಸಿರುತ್ತದೆ. ಮೂಲದ ಅಕ್ಷರವು ಅಲ್ಲಿಯೇ ನಾಶವಾಗಿರುವುದರಿಂದ ಎಂತಹ ಬೆಲೆಬಾಳುವ ಫೋನನ್ನು ತಂದರೂ ಅದನ್ನು ಓದಲು ಸಾಧ್ಯವಿಲ್ಲ. ಮತ್ತೊಮ್ಮೆ ಸರಿಯಾಗಿ ಕಳುಹಿಸುವುದೊಂದೇ ಉಪಾಯ.

ಮೂರನೆಯದು ಅನ್ಯಾಕ್ಷರಗಳ ರಾಶಿ. ಇಂಗ್ಲಿಷಿನ ಎ ಅಕ್ಷರದ ತಲೆಯ ಮೇಲೊಂದು ಓರೆಗೀಟು, ಅದರ ಪಕ್ಕದಲ್ಲಿ ಮೇಲ್ಗಡೆಗೆ ಚಿಕ್ಕದಾದ 2 ಅಥವಾ 3ರ ಅಂಕೆ, ಆಮೇಲೆ ಒಂದು ಚುಕ್ಕೆಯೋ ಮತ್ತಾವುದೋ ಗುರುತು. ಹೀಗೆ ಮೂರು ಮೂರರ ಗುಂಪುಗಳು ಪುನಃ ಪುನಃ ಬರುತ್ತಿದ್ದರೆ ಅದು ಕನ್ನಡವೇ ಸರಿ. ಜಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿಯೊಂದು ಕನ್ನಡ ವರ್ಣವೂ ಮೂರು ತುಣುಕುಗಳಾಗಿ ಸಾಗುತ್ತದೆ. ಓದುವ ಯಂತ್ರವು ಆ ಮೂರನ್ನೂ ಕೂಡಿಸಿ ಒಂದೆಂದು ತಿಳಿಯದೆ, ಒಂದೊಂದನ್ನೂ ಪ್ರತ್ಯೇಕ ಯೂರೋಪಿನ ಅಕ್ಷರವೆಂದು ಭ್ರಮಿಸಿದಾಗ ಈ ರೂಪವುಂಟಾಗುತ್ತದೆ. ಇಲ್ಲಿ ಮೂಲವು ಬಹುಮಟ್ಟಿಗೆ ಉಳಿದಿರುವುದರಿಂದ ಬಲ್ಲವರು ಅದನ್ನು ಮರಳಿ ಕನ್ನಡಕ್ಕೆ ತರಬಲ್ಲರು.

ಇನ್ನು ಇವುಗಳ ಮೂಲವನ್ನು ವಿಚಾರಿಸೋಣ. ಕಂಪ್ಯೂಟರಿಗೆ ಅಕ್ಷರಗಳು ತಿಳಿಯವು, ಅಂಕಿಗಳು ಮಾತ್ರ ತಿಳಿಯುತ್ತವೆ. ಆದಕಾರಣ ಪ್ರತಿ ಅಕ್ಷರಕ್ಕೂ ಒಂದು ಅಂಕಿಯನ್ನು ಗೊತ್ತುಮಾಡಿ, ಬರೆಯುವವರೂ ಓದುವವರೂ ಅದೇ ಪಟ್ಟಿಯನ್ನು ಅನುಸರಿಸಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸರ್ವಲೋಕದ ಪಟ್ಟಿಯಲ್ಲಿ ಮೊದಲಿನಿಂದಲೇ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ಥಾನಗಳು ದೊರೆತಿವೆ. "ಕ" ಎಂಬುದರ ಅಂಕಿ 3221. ಈ ಪಟ್ಟಿಯನ್ನು ಎಲ್ಲರೂ ಅನುಸರಿಸಿದರೆ ತಂಟೆಯೇ ಇಲ್ಲ. ಆದರೆ ಯೂನಿಕೋಡ್ ನಮ್ಮ ಕಚೇರಿಗಳಲ್ಲಿ ನೆಲೆಗೊಳ್ಳುವುದಕ್ಕೆ ಬಹುಕಾಲ ಮುಂಚೆ, ಇಂಗ್ಲಿಷ್ ಅಕ್ಷರಗಳ ಅಂಕಿಗಳಿಗೇ ಕನ್ನಡದ ಆಕಾರಗಳನ್ನು ಹೊದಿಸಿ ಬರೆಯುವ ಪದ್ಧತಿಯು ರೂಢಿಗೆ ಬಂದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ "ಬರಹ", ಆಮೇಲೆ ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ "ನುಡಿ" ಇವುಗಳು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಸೇವೆ ಅಪಾರವಾದುದು. ಈಚೆಗೆ ಇವೆರಡರಲ್ಲಿಯೂ ಯೂನಿಕೋಡಿನಲ್ಲಿ ಬರೆಯುವ ಅನುಕೂಲವು ಕಲ್ಪಿಸಲ್ಪಟ್ಟಿದೆ. ಆದರೆ ಹಳೆಯ ಪದ್ಧತಿಯಲ್ಲಿ ಬರೆದ "ಕ" ಎಂಬುದು ಒಳಗೆ ಇಂಗ್ಲಿಷಿನ ಪಿ ಮತ್ತು ತಲೆಗೀಟುಳ್ಳ ಎ ಆಗಿಯೇ ಇರುತ್ತದೆ. ಅದೇ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ತೋರುತ್ತದೆ. ಕಚೇರಿಯ ಗುಮಾಸ್ತರು ಅಂತಹ ಹಳೆಯ ಕಡತದಿಂದ ನಕಲು ತೆಗೆದು ಸಂದೇಶದ ಜಾಗದಲ್ಲಿ ಅಂಟಿಸಿದರೆ, ಹೊದಿಕೆಯು ಕಳಚಿಬಿದ್ದು ರೈತನಿಗೆ ಲ್ಯಾಟಿನ್ ಅಕ್ಷರಗಳು ಮಾತ್ರ ತಲುಪುತ್ತವೆ. ಮೋಡಿಯಲ್ಲಿ ಬರೆದಿಟ್ಟ ಹಳೆಯ ಲೆಕ್ಕಪತ್ರವು ಮೊಮ್ಮಕ್ಕಳಿಗೆ ಓದಲು ಬಾರದೆ ಪೆಟ್ಟಿಗೆಯಲ್ಲಿ ಉಳಿದಂತೆಯೇ ಇದರ ಸ್ಥಿತಿ.

ಎರಡನೆಯ ಕಾರಣವು ಅಳತೆಗೆ ಸಂಬಂಧಪಟ್ಟುದು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊಟ್ಟಮೊದಲ ಎಸ್.ಎಂ.ಎಸ್. ಸಂದೇಶವನ್ನು ಕಳುಹಿಸಿದರು. ಆ ಏರ್ಪಾಟನ್ನು ಕಲ್ಪಿಸಿದವರು ಯೂರೋಪಿನವರಾದ ಕಾರಣ, ತಮ್ಮ ಅಕ್ಷರಗಳಿಗೆ ಸಾಕಾಗುವಷ್ಟು ಸಣ್ಣ ಪಟ್ಟಿಯೊಂದನ್ನು ಮಾಡಿಕೊಂಡರು. ಒಂದು ಸಂದೇಶದ ಚೀಲದಲ್ಲಿ 140 ಬೈಟುಗಳು ಹಿಡಿಯುತ್ತವೆ. ಒಂದೇ ಚೀಲದಲ್ಲಿ ರಾಗಿಯಾದರೆ ಹೆಚ್ಚು ಕಾಳು, ಕಡಲೆಯಾದರೆ ಕಡಿಮೆ ಕಾಳು ಹಿಡಿಯುವಂತೆ, ಇಂಗ್ಲಿಷಾದರೆ 160 ಅಕ್ಷರಗಳೂ ಯೂನಿಕೋಡಿನ ಕನ್ನಡವಾದರೆ 70 ಮಾತ್ರವೂ ಅದರಲ್ಲಿ ಅಡಗುತ್ತವೆ. ಅದಕ್ಕಿಂತ ದೀರ್ಘವಾದರೆ ಸಂದೇಶವನ್ನು ಹೋಳು ಮಾಡಬೇಕಾಗುತ್ತದೆ. ಆಗ ಹೋಳುಗಳನ್ನು ಜೋಡಿಸುವ ಗುರುತಿಗೂ ಜಾಗ ಬೇಕಾದ್ದರಿಂದ ಒಂದೊಂದರಲ್ಲಿ 67 ಮಾತ್ರ ಉಳಿಯುತ್ತವೆ. ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವು ಯಂತ್ರಕ್ಕೆ ಒಂದಲ್ಲವೆಂಬುದನ್ನೂ ಗಮನಿಸತಕ್ಕದ್ದು. "ಸೂಕ್ಷ್ಮ" ಎಂಬ ಮಾತು ನಮಗೆ ಎರಡಕ್ಷರ. ಯಂತ್ರವು ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸಿ ಏಳು ಎನ್ನುತ್ತದೆ.

ಇದರಿಂದ ಉಂಟಾಗುವ ಪರಿಣಾಮವನ್ನು ಯಜಮಾನರು ಸುಲಭವಾಗಿ ಗ್ರಹಿಸಬಲ್ಲರು. ಒಂದು ಇಂಗ್ಲಿಷ್ ಸಂದೇಶದ ಖರ್ಚಿನಲ್ಲಿ ಹೇಳಬಹುದಾದುದಕ್ಕೆ ಕನ್ನಡದಲ್ಲಿ ಎರಡು ಮೂರು ಸಂದೇಶಗಳ ಖರ್ಚು ಬೀಳುತ್ತದೆ. ಹಣವನ್ನು ಉಳಿಸುವ ಆತುರದಲ್ಲಿಯೋ ಅರಿವಿಲ್ಲದೆಯೋ ಕನ್ನಡ ಸಂದೇಶವನ್ನು ಇಂಗ್ಲಿಷಿನ ಸಣ್ಣ ಪಟ್ಟಿಯ ಮಾರ್ಗದಲ್ಲಿಯೇ ಅಟ್ಟಿದರೆ, ಫಲವು ಪ್ರಶ್ನಾರ್ಥಕ ಚಿಹ್ನೆಗಳು. ದೀರ್ಘವಾದ ಸಂದೇಶವನ್ನು ಜೋಡಣೆಯ ಗುರುತಿಲ್ಲದೆ ಕತ್ತರಿಸಿದರೆ ಎರಡನೆಯ ಹೋಳು ಮೊದಲು ಬರುವುದೂ, ಅಕ್ಷರದ ನಡುವೆಯೇ ಕತ್ತರಿ ಬಿದ್ದು ಮುಂದಿನ ಹೋಳು ಚುಕ್ಕೆಗಳ ವರ್ತುಲದ ಮೇಲೆ ಒಂಟಿ ಗುಡಿಸೋ ಕೊಂಬೋ ನಿಂತು ಆರಂಭವಾಗುವುದೂ ಆಗುತ್ತದೆ. ಕನ್ನಡಕ್ಕೂ ಸಣ್ಣ ಪಟ್ಟಿಯೊಂದನ್ನು ಕಲ್ಪಿಸಿ ಒಂದೇ ಚೀಲದಲ್ಲಿ 150ಕ್ಕೂ ಹೆಚ್ಚು ಅಕ್ಷರಗಳನ್ನು ತುಂಬಲು ಅಂತರರಾಷ್ಟ್ರೀಯ ನಿಯಮಗಳಲ್ಲಿಯೇ ಅವಕಾಶವನ್ನು ಮಾಡಿದ್ದಾರೆ. ಆದರೆ ಕಳುಹಿಸುವ ಯಂತ್ರ, ಪಡೆಯುವ ಫೋನು ಎರಡರಲ್ಲಿಯೂ ಆ ಪಟ್ಟಿ ಇದ್ದಲ್ಲದೆ ಅದು ಪ್ರಯೋಜನಕ್ಕೆ ಬಾರದು.

ಇಡೀ ಸಂದೇಶವು ಕೆಟ್ಟರೆ ಓದುಗನು ಕೆಟ್ಟಿತೆಂದಾದರೂ ಅರಿಯುತ್ತಾನೆ. ಅದಕ್ಕಿಂತಲೂ ಭಯಂಕರವಾದುದು ಸಂದೇಶವೆಲ್ಲ ಸರಿಯಾಗಿದ್ದು ಒಂದೇ ಒಂದು ಚಿಹ್ನೆ ಮಾತ್ರ ಮಾಯವಾಗುವುದು. ಆ ಸಣ್ಣ ಪಟ್ಟಿಯಲ್ಲಿ ಉದ್ದನೆಯ ಅಡ್ಡಗೆರೆ ಇಲ್ಲ. ಅರ್ಧ ಕಾಲುಗಳ ಒಂಟಿ ಚಿಹ್ನೆಗಳಿಲ್ಲ. ಉಷ್ಣಾಂಶವನ್ನು ಸೂಚಿಸುವ ಸೊನ್ನೆಯ ಗುರುತಿಲ್ಲ. 2010ರ ಜುಲೈ 15ರಂದು ಭಾರತ ಸರ್ಕಾರವು ಅಂಗೀಕರಿಸಿದ ರೂಪಾಯಿಯ ಗುರುತೂ ಇಲ್ಲ. ಪದಸಂಸ್ಕಾರದ ತಂತ್ರಾಂಶಗಳು ನಾವು ಬೆರಳಿನಿಂದ ಒತ್ತಿದ ಗಿಡ್ಡ ಗೆರೆಯನ್ನು ತಾವಾಗಿಯೇ ಉದ್ದಗೆರೆಯಾಗಿ ಮಾರ್ಪಡಿಸುವುದೂ ಉಂಟು. ಲೀಟರು ನೀರಿಗೆ 2–3 ಮಿ.ಲೀ. ಎಂದು ಬರೆದ ಪ್ರಮಾಣದಲ್ಲಿ ನಡುವಣ ಗೆರೆಯು ಉದುರಿಹೋದರೆ ರೈತನು ಓದುವುದು 23 ಮಿ.ಲೀ. ಎಂದು. ಎರಡೂವರೆ ಗ್ರಾಮಿನ ಅರ್ಧದ ಚಿಹ್ನೆ ಬಿದ್ದುಹೋದರೆ ಉಳಿಯುವುದು ಎರಡೇ. ಮೊದಲನೆಯದರಿಂದ ಎಲೆ ಸುಟ್ಟುಹೋಗಿ ಬೆಳೆಯು ನಷ್ಟವಾದೀತು, ಔಷಧ ಹೊಡೆಯುವ ಕೂಲಿಯಾಳಿನ ಆರೋಗ್ಯಕ್ಕೂ ಕುತ್ತು ಬಂದೀತು. ಎರಡನೆಯದರಿಂದ ಕೀಟವು ಸಾಯದೆ ಹಣ ಮಾತ್ರ ವ್ಯಯವಾದೀತು. ತಪ್ಪು ಸಂದೇಶದ್ದೆಂದು ಯಾರಿಗೂ ತೋರದೆ, ಔಷಧವನ್ನೋ ಅಂಗಡಿಯವನನ್ನೋ ದೂರುವುದರಲ್ಲಿ ವಿಷಯವು ಮುಗಿದುಹೋಗುತ್ತದೆ.

ಕನ್ನಡದ ಅಂಕಿಗಳಲ್ಲಿಯೂ ಒಂದು ಎಚ್ಚರಿಕೆ ಅವಶ್ಯಕ. ನಮ್ಮ ಸೊನ್ನೆಗೂ ಅನುಸ್ವಾರಕ್ಕೂ ಆಕಾರದಲ್ಲಿ ಭೇದವಿಲ್ಲ. ಯಂತ್ರದ ಪಟ್ಟಿಯಲ್ಲಿ ಮಾತ್ರ ಅವೆರಡೂ ಬೇರೆ. ಬರೆಯುವವರು ಸೊನ್ನೆಯ ಬದಲು ಅನುಸ್ವಾರವನ್ನು ಒತ್ತಿದರೆ, ಸರ್ವೆ ನಂಬರು ಕಣ್ಣಿಗೆ ಸರಿಯಾಗಿಯೇ ಕಂಡರೂ ಕಂಪ್ಯೂಟರಿನಲ್ಲಿ ಹುಡುಕಿದಾಗ ಸಿಕ್ಕುವುದಿಲ್ಲ. ಭೂದಾಖಲೆಗಳೆಲ್ಲ ಕಂಪ್ಯೂಟರಿಗೆ ಏರಿರುವ ಈ ದಿನಗಳಲ್ಲಿ ಇದು ಅಲ್ಪವಾದ ವಿಷಯವಲ್ಲ.

ಇಷ್ಟೆಲ್ಲ ತೊಡಕೇಕೆ, ಕನ್ನಡದ ಮಾತುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿದರೆ ಯಾವ ಫೋನಿನಲ್ಲಿಯೂ ಕೆಡದು, ಖರ್ಚೂ ಕಡಿಮೆ ಎಂದು ವಾದಿಸುವವರಿದ್ದಾರೆ. ಈ ವಾದವು ಮೇಲುನೋಟಕ್ಕೆ ಯುಕ್ತವೆಂದು ಕಂಡರೂ ಬೇಸಾಯದ ವಿಷಯದಲ್ಲಿ ಸರ್ವಥಾ ಒಪ್ಪತಕ್ಕದ್ದಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ಹ್ರಸ್ವ ದೀರ್ಘಗಳನ್ನು ಒಬ್ಬೊಬ್ಬರು ಒಂದೊಂದು ವಿಧವಾಗಿ ಬರೆಯುತ್ತಾರೆ. ಬೆಲೆ, ಬೆಳೆ, ಬೇಳೆ ಈ ಮೂರೂ ಅಲ್ಲಿ ಒಂದೇ ರೂಪವನ್ನು ತಾಳುತ್ತವೆ. ತೊಗರಿಯ ಬೆಲೆ ಕುಗ್ಗಿತೋ, ಬೆಳೆ ಕುಗ್ಗಿತೋ, ಬೇಳೆ ಕುಗ್ಗಿತೋ ಎಂಬುದನ್ನು ಓದುವವನು ಊಹಿಸಬೇಕು. ಕಾಲು ಎಂಬುದೂ ಕಾಳು ಎಂಬುದೂ ಒಂದೇ ಆದಾಗ ಕಾಲುಭಾಗವೆಂದು ಬರೆದದ್ದು ಧಾನ್ಯವೆಂದಾಗುತ್ತದೆ. ಇದಲ್ಲದೆ, ಕನ್ನಡ ಮಾತ್ರ ಬಲ್ಲ ವಯಸ್ಸಾದ ಬೇಸಾಯಗಾರನೂ, ಮನೆಯ ವ್ಯವಸಾಯವನ್ನೆಲ್ಲ ನಡೆಸುವ ಹೆಣ್ಣುಮಗಳೂ ತಮ್ಮ ಭಾಷೆಯ ಸಂದೇಶವನ್ನು ಮತ್ತೊಬ್ಬರಿಂದ ಓದಿಸಿಕೊಳ್ಳಬೇಕಾದ ಸ್ಥಿತಿಯು ಬರುತ್ತದೆ. ಕೆಲವು ಕಾಸುಗಳನ್ನು ಉಳಿಸಲು ಹೋಗಿ ಸಂದೇಶದ ಉದ್ದೇಶವನ್ನೇ ಕಳೆದುಕೊಳ್ಳುವುದು ಬಿತ್ತನೆಯ ಬೀಜದಲ್ಲಿ ಉಳಿತಾಯ ಮಾಡಿದಂತೆ.

ಓದುವುದೇ ಬೇಡ, ಧ್ವನಿಯಿಂದಲೇ ಹೇಳಿಬಿಡೋಣ ಎಂಬುದು ಮತ್ತೊಂದು ಪಕ್ಷ. ಓದುಬಾರದವರಿಗೆ ಧ್ವನಿಯ ಸಂದೇಶವು ಅತ್ಯಂತ ಉಪಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಔಷಧದ ಹೆಸರು, ಪ್ರಮಾಣ, ಕೊನೆಯ ದಿನಾಂಕ ಇವು ಕಿವಿಯಲ್ಲಿ ನಿಲ್ಲತಕ್ಕವಲ್ಲ. ಅಂಗಡಿಯಲ್ಲಿ ತೋರಿಸುವುದಕ್ಕೂ, ಹೊಲದಲ್ಲಿ ಪುನಃ ನೋಡಿಕೊಳ್ಳುವುದಕ್ಕೂ ಬರಹವೇ ಬೇಕು. ಧ್ವನಿಯು ಬರಹದ ಜೊತೆಗಿರಲಿ, ಬದಲಾಗಿ ಬೇಡ.

ಹಾಗಾದರೆ ಮಾಡತಕ್ಕದ್ದೇನು? ಫೋನುಗಳ ವಿಷಯದಲ್ಲಿ ಸರ್ಕಾರವು ಕೈಕಟ್ಟಿ ಕುಳಿತಿಲ್ಲ. ಭಾರತದಲ್ಲಿ ಮಾರಾಟವಾಗುವ ಮೊಬೈಲುಗಳೆಲ್ಲವೂ ಸಂವಿಧಾನದ 8ನೆಯ ಅನುಸೂಚಿಯ 22 ಭಾಷೆಗಳ ಸಂದೇಶಗಳನ್ನು ತೋರಿಸಲೇಬೇಕೆಂದು ಐ.ಎಸ್. 16333 ಎಂಬ ಭಾರತೀಯ ಮಾನಕದ ಮೂಲಕ ವಿಧಿಸಿ, 2016ರಲ್ಲಿ ಆಜ್ಞೆಯನ್ನು ಹೊರಡಿಸಿತು. ಇದರಿಂದ ಚೌಕಗಳ ರೋಗವು ಹೊಸ ಫೋನುಗಳಲ್ಲಿ ಇಳಿಮುಖವಾಗತಕ್ಕದ್ದು. ಉಳಿದೆರಡು ರೋಗಗಳಿಗೆ ಮದ್ದು ಕಳುಹಿಸುವ ಕಚೇರಿಯಲ್ಲಿದೆ. ಸಗಟಾಗಿ ಕಳುಹಿಸುವ ಸಂದೇಶಗಳ ಮಾದರಿಯನ್ನು ಮುಂಚಿತವಾಗಿ ನೋಂದಾಯಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಿಂದ ಏರ್ಪಾಟಾಗಿದೆ. ಆ ಹಂತದಲ್ಲಿಯೇ ಮಾದರಿಯು ಯೂನಿಕೋಡ್ ಕನ್ನಡದಲ್ಲಿದೆಯೇ ಎಂದು ಒಬ್ಬ ಜವಾಬ್ದಾರನಾದ ಅಧಿಕಾರಿಯು ಪರೀಕ್ಷಿಸಿದರೆ, ಆ ಮಾದರಿಯಲ್ಲಿ ಹೋಗುವ ಸಂದೇಶಗಳೆಲ್ಲವೂ ಒಂದೇ ಬಾರಿಗೆ ಸುಧಾರಿಸುತ್ತವೆ.

ಸಂದೇಶಗಳನ್ನು ಕಳುಹಿಸುವ ಕಚೇರಿಗಳೂ, ಸಹಕಾರ ಸಂಘಗಳೂ, ಮಾರುಕಟ್ಟೆ ಸಮಿತಿಗಳೂ ಈ ಕೆಳಗಿನ ನಾಲ್ಕು ನಿಯಮಗಳನ್ನು ಪಾಲಿಸತಕ್ಕದ್ದೆಂದು ನಮ್ಮ ವಿಜ್ಞಾಪನೆ.

ಒಂದನೆಯದಾಗಿ, ಸಾವಿರಾರು ಮಂದಿಗೆ ಕಳುಹಿಸುವ ಮುಂಚೆ ಸಂದೇಶವನ್ನು ಅತಿ ಕಡಿಮೆ ಬೆಲೆಯ ಒಂದು ಫೋನಿಗೂ ಹಳೆಯದಾದ ಮತ್ತೊಂದು ಫೋನಿಗೂ ಕಳುಹಿಸಿ ಓದಿ ನೋಡಬೇಕು. ಅಧಿಕಾರಿಯ ಮೇಜಿನ ಮೇಲಿರುವ ಬೆಲೆಬಾಳುವ ಫೋನಿನಲ್ಲಿ ಸರಿಯಾಗಿ ಕಂಡಿತೆಂಬುದು ಪ್ರಮಾಣವಲ್ಲ.

ಎರಡನೆಯದಾಗಿ, ಹಳೆಯ ಫಾಂಟುಗಳಲ್ಲಿರುವ ಬರಹವನ್ನು ಯೂನಿಕೋಡಿಗೆ ಪರಿವರ್ತಿಸದೆ ಎಂದಿಗೂ ಅಂಟಿಸಕೂಡದು.

ಮೂರನೆಯದಾಗಿ, ಪ್ರಮಾಣಗಳಲ್ಲಿ ಗೆರೆ, ಒಂಟಿ ಭಿನ್ನರಾಶಿ, ವಿಶೇಷ ಚಿಹ್ನೆಗಳನ್ನು ಬಳಸಕೂಡದು. "2 ರಿಂದ 3", "ಎರಡೂವರೆ", "ರೂ.", "ಡಿಗ್ರಿ" ಎಂದೇ ಬರೆಯಬೇಕು. ಕ್ರಯಪತ್ರದಲ್ಲಿ ಮೊಬಲಗನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವ ನಮ್ಮ ಹಿರಿಯರ ಪದ್ಧತಿಯು ಇಲ್ಲಿಯೂ ಅನುಕರಣೀಯವಾದುದು. ಒಂದು ಕೆಟ್ಟರೂ ಮತ್ತೊಂದು ಉಳಿದು ಸಾಕ್ಷಿ ನುಡಿಯುತ್ತದೆ.

ನಾಲ್ಕನೆಯದಾಗಿ, ಕನ್ನಡ ಸಂದೇಶಕ್ಕೆ ಹೆಚ್ಚು ಖರ್ಚಾಗುವುದನ್ನು ಆಯವ್ಯಯದಲ್ಲಿಯೇ ಒಪ್ಪಿಕೊಂಡು, ಸಂದೇಶವನ್ನು ಅಡಕವಾಗಿ ಬರೆಯುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಒಂದು ಸಂದೇಶದಲ್ಲಿ ಒಂದೇ ಬೆಳೆ, ಒಂದೇ ಸಲಹೆ ಇದ್ದರೆ ಸಾಕು.

ಗ್ರಾಮದ ಯಜಮಾನರೂ ದೊಡ್ಡ ಹಿಡುವಳಿದಾರರೂ ಮಾಡಬಹುದಾದ ಕೆಲಸವೂ ಉಂಟು. ಕೆಟ್ಟ ಸಂದೇಶವನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡು, ಚೌಕವೋ ಪ್ರಶ್ನೆಯ ಗುರುತೋ ಅನ್ಯಾಕ್ಷರವೋ ಎಂಬುದನ್ನು ನೋಡಿ, ಬಂದ ದಿನ ಮತ್ತು ಹೊತ್ತಿನೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಬೇಕು. ದೂರು ಹತ್ತು ಊರುಗಳಿಂದ ಬಂದರೆ ಕಳುಹಿಸುವವರು ತಿದ್ದಿಕೊಳ್ಳದೆ ಇರಲಾರರು. ಯಾರೂ ಹೇಳದಿದ್ದರೆ ಅವರ ಲೆಕ್ಕದಲ್ಲಿ ಎಲ್ಲವೂ ತಲುಪಿಯೇ ಇರುತ್ತದೆ. ಸಂದೇಶದಲ್ಲಿ ಪ್ರಮಾಣವು ಅನುಮಾನಾಸ್ಪದವಾಗಿ ಕಂಡರೆ ಡಬ್ಬಿಯ ಮೇಲಿನ ಚೀಟಿಯೊಡನೆ ಹೋಲಿಸಿ ನೋಡದೆ, ಅಥವಾ ಕಿಸಾನ್ ಕರೆ ಕೇಂದ್ರದ 1800-180-1551 ಎಂಬ ಉಚಿತ ಸಂಖ್ಯೆಗೆ ಕರೆಮಾಡಿ ವಿಚಾರಿಸದೆ ಔಷಧವನ್ನು ಬೆರೆಸಕೂಡದು. ಸರಿಯಾಗಿ ಓದಲು ಬಂದವರು ಮುಖ್ಯವಾದ ಸಲಹೆಯನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಪಂಚಾಯತಿಯ ಹಲಗೆಗೂ ಹಾಲಿನ ಡೈರಿಯ ಬಾಗಿಲಿಗೂ ಅಂಟಿಸಿದರೆ, ಫೋನಿಲ್ಲದವರಿಗೂ ಕೆಟ್ಟ ಫೋನುಳ್ಳವರಿಗೂ ಉಪಕಾರವಾಗುತ್ತದೆ. ತಮ್ಮ ಜಮೀನಿನಲ್ಲಿ ಗೇಣಿ ಅಥವಾ ಕೂಲಿಗೆ ದುಡಿಯುವವರಿಗೆ ಸಲಹೆಯನ್ನು ಓದಿ ಹೇಳುವುದು ಹಿಡುವಳಿದಾರರ ಧರ್ಮವೂ ಹೌದು, ಲಾಭವೂ ಹೌದು. ಏಕೆಂದರೆ ಔಷಧದ ಕೈಪಂಪನ್ನು ಹಿಡಿಯುವವರು ಬಹುಮಟ್ಟಿಗೆ ಅವರೇ.

ಅಕ್ಷರವೆಂದರೆ ಕ್ಷಯವಿಲ್ಲದ್ದು ಎಂದು ನಮ್ಮವರು ಅರ್ಥ ಹೇಳುತ್ತಾರೆ. ಹೊಲದ ಅಂಚಿನಲ್ಲಿ ನಿಂತು ಮೊಬೈಲನ್ನು ತೆರೆದ ಬೇಸಾಯಗಾರನಿಗೆ ಆ ಮಾತು ನಿಜವಾಗಿ ತೋರಬೇಕಾದರೆ, ಕಳುಹಿಸುವವರು ಒಂದು ನಿಮಿಷದ ಪರೀಕ್ಷೆಯನ್ನೂ ಪಡೆಯುವವರು ಒಂದು ಮಾತಿನ ದೂರನ್ನೂ ಬೇಸರವಿಲ್ಲದೆ ಮಾಡಬೇಕು. ಮುಂಗಾರಿನ ಬಿತ್ತನೆಯು ಆರಂಭವಾಗುವುದಕ್ಕೆ ಮೊದಲೇ ಪ್ರತಿ ಹೋಬಳಿಯಲ್ಲಿಯೂ ಒಂದು ಪರೀಕ್ಷಾ ಸಂದೇಶವನ್ನು ಕಳುಹಿಸಿ, ಎಷ್ಟು ಊರುಗಳಲ್ಲಿ ಅದನ್ನು ಓದಲು ಬಂದಿತೆಂಬುದನ್ನು ಯಜಮಾನರ ಮೂಲಕ ವಿಚಾರಿಸಿ ತಿಳಿಯುವ ಕ್ರಮವನ್ನು ಅಧಿಕಾರಿಗಳು ಕೈಕೊಳ್ಳುವರೆಂದೂ, ಅದಕ್ಕೆ ಗ್ರಾಮಸ್ಥರು ಸಹಾಯವನ್ನು ನೀಡುವರೆಂದೂ ನಂಬಿದ್ದೇವೆ.